ಹೇಳು ಕಿಶೋರಿ

ನಿಮ್ಮೂರಿನ ಪುಸ್ತಕದಂಗಡಿಗೆ ಹೋಗಿ, ಹದಿನಾಲ್ಕು ವರ್ಷದ ಹುಡುಗಿ ಓದುವಂಥ ಒಂದು ಒಳ್ಳೆಯ ಕನ್ನಡ ಕಾದಂಬರಿ ಕೊಡಿ ಎಂದು ಕೇಳಿ ನೋಡಿ. ಅಂಗಡಿಯವರು ತಾಳ್ಮೆಯವರಾದರೆ ತಲೆ ಕೆರೆದುಕೊಂಡು, ಒಂದು ಕಡೆಯಿಂದ ಬಣ್ಣದ ಚಿತ್ರಗಳ ನೀತಿಕಥೆಯನ್ನೂ ಇನ್ನೊಂದು ಕಡೆಯಿಂದ ತ್ರಿವೇಣಿಯವರ ಕಾದಂಬರಿಯನ್ನೂ ತೆಗೆದು ಮುಂದಿಡುತ್ತಾರೆ. ಅವಸರದವರಾದರೆ ಎಸ್ಸೆಸ್ಸೆಲ್ಸಿ ಗೈಡು ಕೊಡುತ್ತಾರೆ. ಮೊದಲನೆಯದರಲ್ಲಿ ನರಿಗೆ ದ್ರಾಕ್ಷಿ ಸಿಗುವುದಿಲ್ಲ, ಎರಡನೆಯದರಲ್ಲಿ ನಾಯಕಿಗೆ ನೆಮ್ಮದಿ ಸಿಗುವುದಿಲ್ಲ, ಮೂರನೆಯದರಲ್ಲಿ ಕಥೆಯೇ ಸಿಗುವುದಿಲ್ಲ. ಇವುಗಳ ನಡುವೆ ಇರಬೇಕಾದ ಕಪಾಟು ನಮ್ಮಲ್ಲಿ ಹೆಸರಿಗಷ್ಟೇ ಇದೆ.

ಇದು ಪುಸ್ತಕ ವ್ಯಾಪಾರದ ಮಾತು ಎಂದು ತಿಳಿಯಬೇಡಿ. ನನ್ನ ಮಟ್ಟಿಗೆ ಇದು ನಮ್ಮ ಹೆಣ್ಣುಮಕ್ಕಳ ಆಯುಸ್ಸಿನ ಲೆಕ್ಕ. ಹದಿಮೂರರಿಂದ ಹದಿನೇಳರವರೆಗಿನ ಐದು ವರ್ಷಗಳು ಹುಡುಗಿಯ ಬಾಳಿನಲ್ಲಿ ನಿಜಕ್ಕೂ ಇವೆ ಎಂಬುದನ್ನು ನಾವು ಇನ್ನೂ ನಂಬಿದಂತಿಲ್ಲ. ನಮ್ಮ ಲೆಕ್ಕದಲ್ಲಿ ಹುಡುಗಿಗೆ ಬಾಲ್ಯ ಉಂಟು, ಮದುವೆ ಉಂಟು, ನಡುವೆ ಎಸ್ಸೆಸ್ಸೆಲ್ಸಿ ಉಂಟು. ಅಷ್ಟೇ.

ಮೊದಲೇ ಹೇಳಿಬಿಡುತ್ತೇನೆ, ನಾನು ಈ ವಯಸ್ಸಿನವರ ಕಾದಂಬರಿಗಳ ಹುಚ್ಚಿನವಳು. ಇಂಗ್ಲಿಷಿನವರು ಇವನ್ನು ಯಂಗ್ ಅಡಲ್ಟ್ ಕಾದಂಬರಿ ಎನ್ನುತ್ತಾರೆ, ನಾನು ಕಿಶೋರ ಕಾದಂಬರಿ ಎನ್ನುತ್ತೇನೆ. ತಲೆಗೂದಲು ಬೆಳ್ಳಗಾದ ಮೇಲೂ ಈ ಹುಚ್ಚು ಬಿಟ್ಟಿಲ್ಲ. ಬೇಸಿಗೆ ಬಂತೆಂದರೆ ಉಪ್ಪಿನಕಾಯಿ ಭರಣಿಗಳನ್ನು ತೊಳೆದು ಒಣಗಿಸುವಷ್ಟೇ ಶ್ರದ್ಧೆಯಿಂದ ಆ ರಜೆಗೆ ಓದಬೇಕಾದ ಪುಸ್ತಕಗಳನ್ನು ಜೋಡಿಸಿಡುತ್ತೇನೆ. ಬಂಧುಗಳು, "ಏನೇ ಇದು, ಮಕ್ಕಳು ಓದೋ ಪುಸ್ತಕ ಹಿಡ್ಕೊಂಡು ಕೂತಿದ್ದೀಯಲ್ಲ" ಎಂದು ನಗುತ್ತಾರೆ. ಅದೇ ಬಂಧುಗಳು ಸಂಜೆ ಏಳರಿಂದ ಹತ್ತರವರೆಗೆ ಸೊಸೆಯ ಹಾಲಿಗೆ ಅತ್ತೆ ವಿಷ ಬೆರೆಸುವ ಧಾರಾವಾಹಿಯನ್ನು ಕಣ್ಣು ಮಿಟುಕಿಸದೆ ನೋಡುತ್ತಾರೆ. ಅದು ದೊಡ್ಡವರ ಸಮಾಚಾರವಂತೆ!

ಈ ಕಾದಂಬರಿಗಳಲ್ಲಿ ಏನಿದೆ ಎಂದು ಕೇಳುತ್ತೀರಾ? ಎಲ್ಲವೂ ಮೊದಲ ಸಲ ನಡೆಯುವುದಿದೆ. ಜೀವದ ಗೆಳತಿ ಮೊದಲ ಸಲ ಬೆನ್ನು ತಿರುಗಿಸುವುದು, ಅಪ್ಪನೂ ಸುಳ್ಳು ಹೇಳುತ್ತಾನೆ ಎಂದು ಮೊದಲ ಸಲ ಗೊತ್ತಾಗುವುದು, ಅಮ್ಮ ಯಾಕೆ ಅಡುಗೆಮನೆಯಲ್ಲಿ ಒಬ್ಬಳೇ ಅಳುತ್ತಾಳೆ ಎಂದು ಮೊದಲ ಸಲ ಅರ್ಥವಾಗುವುದು. ದೊಡ್ಡವರ ಕಾದಂಬರಿಯಲ್ಲಿ ಹೆಂಗಸು ಆಗಿಹೋದದ್ದನ್ನು ಅನುಭವಿಸುತ್ತಿರುತ್ತಾಳೆ. ಇಲ್ಲಿ ಹುಡುಗಿ ತಾನು ಏನಾಗಬೇಕು ಎಂದು ಯೋಚಿಸುತ್ತಿರುತ್ತಾಳೆ.

ಅಮೆರಿಕದ ಲೂಯಿಸಾ ಮೇ ಆಲ್ಕಾಟ್ 'ಲಿಟಲ್ ವಿಮೆನ್' ಬರೆದದ್ದು 1868ರಲ್ಲಿ. ಹುಡುಗಿಯರಿಗಾಗಿ ಒಂದು ಪುಸ್ತಕ ಬರೆದುಕೊಡಿ ಎಂದು ಪ್ರಕಾಶಕರು ಕೇಳಿದಾಗ ಆಕೆಗೆ ಅಷ್ಟೇನೂ ಮನಸ್ಸಿರಲಿಲ್ಲ. ಆದರೂ ಬರೆದರು. ಕಥೆ ಶುರುವಾದಾಗ ಅದರ ಜೋ ಎಂಬ ಹುಡುಗಿಗೆ ಹದಿನೈದು ವರ್ಷ. ಅವಳಿಗೆ ಕಥೆ ಬರೆಯಬೇಕು, ಬರೆದು ಸಂಪಾದಿಸಬೇಕು. ಮೊದಲ ಭಾಗ ಓದಿದ ಹುಡುಗಿಯರು, ಯಾರು ಯಾರನ್ನು ಮದುವೆಯಾಗುತ್ತಾರೆ ಎಂದು ಕಾಗದದ ಮೇಲೆ ಕಾಗದ ಬರೆದರಂತೆ. ಆಲ್ಕಾಟ್ ರೇಗಿಕೊಂಡು, 1869ರ ಎರಡನೆಯ ಭಾಗದಲ್ಲಿ ಎಲ್ಲರೂ ಬಯಸಿದ್ದ ಪಕ್ಕದ ಮನೆಯ ಹುಡುಗನಿಗೆ ಜೋಳನ್ನು ಕೊಡಲೇ ಇಲ್ಲ. ಆಮೇಲೆ 1908ರಲ್ಲಿ ಕೆನಡಾದ ಎಲ್. ಎಂ. ಮಾಂಟ್‌ಗೊಮರಿ ಅವರ ಆನ್ ಬಂದಳು. ಗಂಡು ಹುಡುಗ ಬೇಕೆಂದು ಕಾಯುತ್ತಿದ್ದ ಮನೆಗೆ ತಪ್ಪಿ ಬಂದಿಳಿದ ಅನಾಥೆ ಅವಳು. ಹೊಲದ ಕೆಲಸಕ್ಕೆ ಹುಡುಗ ಬೇಕಿತ್ತು, ಬಂದದ್ದು ಮಾತಿನ ಮಲ್ಲಿ! ಈ ಕಥೆ ನಮ್ಮ ಯಾವ ಮನೆಯದ್ದೂ ಆಗಬಹುದಿತ್ತು, ಅಲ್ಲವೇ? ಎಸ್. ಇ. ಹಿಂಟನ್ ಎಂಬ ಹುಡುಗಿ 'ದಿ ಔಟ್‌ಸೈಡರ್ಸ್' ಕಾದಂಬರಿಯನ್ನು ಹೈಸ್ಕೂಲಿನಲ್ಲಿದ್ದಾಗಲೇ ಬರೆದಳು, 1967ರಲ್ಲಿ ಅದು ಅಚ್ಚಾದಾಗ ಅವಳಿಗೆ ಹದಿನೆಂಟು. ಮುಟ್ಟಿನ ಬಗ್ಗೆ ಹುಡುಗಿಯ ಕಾತರ, ಭಯ, ಗೆಳತಿಯರ ಗುಸುಗುಸು ಇವನ್ನೆಲ್ಲ ಜೂಡಿ ಬ್ಲೂಮ್ 1970ರಲ್ಲೇ ಕಾದಂಬರಿ ಮಾಡಿದರು. ಆ ಪುಸ್ತಕವನ್ನು ಶಾಲೆಯ ಲೈಬ್ರರಿಗಳಿಂದ ಎತ್ತಿಹಾಕಬೇಕೆಂದು ಅಲ್ಲಿಯೂ ಹಟ ಹಿಡಿದವರಿದ್ದರು. ಹುಡುಗಿಯರು ಮಾತ್ರ ಓದುತ್ತಲೇ ಇದ್ದರು.

ಜೋ ಅಟ್ಟದ ಮೇಲೆ ಕೂತು ಕಥೆ ಬರೆಯುತ್ತಿದ್ದ ಕಾಲಕ್ಕೆ ನಮ್ಮ ಹುಡುಗಿ ಎಲ್ಲಿದ್ದಳು? ಗಂಡನ ಮನೆಯಲ್ಲಿದ್ದಳು, ಇಲ್ಲವೇ ತಲೆ ಬೋಳಿಸಿಕೊಂಡು ತವರಿನ ಹಿತ್ತಿಲಿನಲ್ಲಿದ್ದಳು. ಎಂಟು ವರ್ಷಕ್ಕಿಂತ ಚಿಕ್ಕ ಹುಡುಗಿಗೆ ಮದುವೆ ಮಾಡಕೂಡದು ಎಂದು ಮೈಸೂರು ಸಂಸ್ಥಾನ ಕಾಯ್ದೆ ಮಾಡಿದ್ದು 1894ರಲ್ಲಿ. ಎಂಟು! ಅದನ್ನೇ ದೊಡ್ಡ ಸುಧಾರಣೆ ಎಂದು ಹೊಗಳಿದವರಿದ್ದರು, ಧರ್ಮ ಕೆಟ್ಟಿತು ಎಂದು ಗೊಣಗಿದವರೂ ಇದ್ದರು. ಬ್ರಿಟಿಷ್ ಇಂಡಿಯಾದಲ್ಲಿ 1929ರ ಶಾರದಾ ಕಾಯ್ದೆ ಹದಿನಾಲ್ಕು ಎಂದಿತು. ಸ್ವಾತಂತ್ರ್ಯ ಬಂದ ಮೇಲೆ 1949ರಲ್ಲಿ ಅದು ಹದಿನೈದಾಯಿತು, 1978ರಲ್ಲಿ ಹದಿನೆಂಟಾಯಿತು. ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' ಓದಿದವರಿಗೆ ಈ ಅಂಕಿಗಳ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಲೋಕ ಏನೆಂದು ತಿಳಿಯುವ ಮೊದಲೇ ವಿಧವೆಯಾದ ಮಗು ಅವಳು. ಅವಳ ಪಾಲಿಗೆ ಹದಿಮೂರು, ಹದಿನಾಲ್ಕು, ಹದಿನೈದು ಎಂಬ ವರ್ಷಗಳು ಪಂಚಾಂಗದಲ್ಲಿ ಮಾತ್ರ ಬಂದು ಹೋದವು.

ಆದ್ದರಿಂದ ನಮ್ಮ ಹಿರಿಯ ಲೇಖಕಿಯರನ್ನು ನಾನು ದೂರುವುದಿಲ್ಲ. ಅವರು ಕಂಡ ಹೆಣ್ಣಿನ ಬಾಳು ಮದುವೆಯಿಂದಲೇ ಶುರುವಾಗುತ್ತಿತ್ತು, ಕಾದಂಬರಿಯೂ ಅಲ್ಲಿಂದಲೇ ಶುರುವಾಯಿತು. ತ್ರಿವೇಣಿ 1963ರಲ್ಲಿ ತೀರಿಕೊಂಡಾಗ ಮೂವತ್ತೈದೂ ತುಂಬಿರಲಿಲ್ಲ. ಅಷ್ಟರಲ್ಲೇ 'ಶರಪಂಜರ'ದಂಥ ಕಾದಂಬರಿ ಬರೆದು, ಬಾಣಂತಿಯ ಮನಸ್ಸು ಕೆಡುವುದು ಕಾಯಿಲೆ, ಪಾಪವಲ್ಲ ಎಂದು ನಮಗೆಲ್ಲ ತಿಳಿಸಿಕೊಟ್ಟರು. ಅವರ ಕೆಲಸ ಅವರು ಮಾಡಿದರು. ನನ್ನ ಜಗಳ ಅವರ ನಂತರ ಬಂದ ನಮ್ಮೊಂದಿಗೆ. ಎಂಟರಿಂದ ಹದಿನೆಂಟಕ್ಕೆ ಏರಿಸಿ ಕಾನೂನು ಹುಡುಗಿಗೆ ಹತ್ತು ವರ್ಷ ಕೊಟ್ಟಿತು. ಕದ್ದುಮುಚ್ಚಿ ಕಸಿದುಕೊಳ್ಳುವವರು ಇಂದಿಗೂ ಇದ್ದಾರೆ, ಆದರೂ ಕಾಗದದ ಮೇಲಾದರೂ ಅದು ಅವಳದ್ದು. ನಮ್ಮ ಪುಸ್ತಕದ ಕಪಾಟು ಅಷ್ಟನ್ನೂ ಕೊಟ್ಟಿಲ್ಲ.

ಡಾ. ಅನುಪಮಾ ನಿರಂಜನ ಅವರನ್ನು ಇಲ್ಲಿ ನೆನೆಯದೆ ಇರಲಾರೆ. ಮಕ್ಕಳಿಗೆ 'ದಿನಕ್ಕೊಂದು ಕಥೆ' ಕೊಟ್ಟ ಆ ತಾಯಿ, ಬೆಳೆಯುವ ಹುಡುಗಿಯರಿಗಾಗಿ 'ಕೇಳು ಕಿಶೋರಿ' ಎಂಬ ಆರೋಗ್ಯದ ಪುಸ್ತಕವನ್ನೂ ಬರೆದರು. ಮೈಯ ಬಗ್ಗೆ ಮಾತಾಡಲು ಅಮ್ಮಂದಿರೇ ನಾಚುತ್ತಿದ್ದಾಗ ವೈದ್ಯೆಯೊಬ್ಬರು ಹತ್ತಿರ ಕೂರಿಸಿಕೊಂಡು 'ಕೇಳು' ಎಂದದ್ದು ದೊಡ್ಡ ಸಂಗತಿ. ಆ ಕೆಲಸದ ಇನ್ನರ್ಧ ಹಾಗೇ ಉಳಿದಿದೆ. 'ಹೇಳು ಕಿಶೋರಿ' ಎನ್ನುವವರು ಬೇಕು. ಅದನ್ನು ಹೇಳಿಸಬಲ್ಲದ್ದು ಕಾದಂಬರಿ.

ನೆರೆಯವರನ್ನು ನೋಡಿ. ಮಹಾರಾಷ್ಟ್ರದಲ್ಲಿ ಪಠ್ಯಪುಸ್ತಕ ಅಚ್ಚು ಮಾಡುವ ಬಾಲಭಾರತಿ ಸಂಸ್ಥೆಯೇ 1971ರಲ್ಲಿ 'ಕಿಶೋರ್' ಎಂಬ ಮಾಸಪತ್ರಿಕೆ ಶುರುಮಾಡಿತು. ಪಾಠ ಹೇಳುವವರೇ ಪಾಠದ ಹೊರಗಿನ ಓದನ್ನೂ ಕೊಟ್ಟರು. ಬಂಗಾಳಿಗಳಿಗೆ ಕಿಶೋರ ಸಾಹಿತ್ಯ ಮನೆಮಾತು. ಸತ್ಯಜಿತ್ ರಾಯ್ ಅವರಂಥವರು 1965ರಿಂದ 'ಸಂದೇಶ್' ಪತ್ರಿಕೆಯಲ್ಲಿ ಫೆಲೂದಾನ ಪತ್ತೇದಾರಿ ಕಥೆ ಬರೆದರು, ಅದರಿಂದ ಅವರ ಘನತೆಗೇನೂ ಕುಂದು ಬರಲಿಲ್ಲ. ಆದರೆ ಆ ಪತ್ತೇದಾರಿಯೊಂದಿಗೆ ಊರೂರು ತಿರುಗುವವನೂ ಹುಡುಗನೇ. ನಮ್ಮ ತೇಜಸ್ವಿಯವರ 'ಕರ್ವಾಲೊ' 1980ರಲ್ಲಿ ಬಂತು. ಹದಿಹರೆಯದವರು ಅದನ್ನು ತಮ್ಮದೇ ಎಂದು ಓದುತ್ತಾರೆ, ನಾನೂ ಎಷ್ಟೋ ಸಲ ಓದಿದ್ದೇನೆ. ಆದರೆ ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವವರೆಲ್ಲ ಗಂಡಸರು. ನಾ. ಡಿಸೋಜರಂಥ ಕೆಲವರು ಮಕ್ಕಳಿಗೆ ನಿಜವಾದ ಕಾದಂಬರಿ ಕೊಟ್ಟಿದ್ದಾರೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲಸಾಹಿತ್ಯಕ್ಕೆ ಪ್ರತ್ಯೇಕ ಪುರಸ್ಕಾರವನ್ನೂ ಕೊಡುತ್ತಿದೆ. ಸಂತೋಷ. ಆದರೆ ಮಗು ಎಂಬ ಒಂದೇ ಮಾತಿನಲ್ಲಿ ಆರು ವರ್ಷದವಳನ್ನೂ ಹದಿನಾರು ವರ್ಷದವಳನ್ನೂ ಕಟ್ಟಿಹಾಕಿದರೆ ಹೇಗೆ?

ಇನ್ನು ರಜೆಯ ವಿಷಯಕ್ಕೆ ಬರುತ್ತೇನೆ. ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ ನಮ್ಮ ಶಾಲೆಗಳಿಗೆ ಬೇಸಿಗೆ ರಜೆ. ಕಾದಂಬರಿ ಓದಲು ಹೇಳಿ ಮಾಡಿಸಿದ ಕಾಲ. ಪದ್ಯವನ್ನು ಬಸ್ಸಿಗೆ ಕಾಯುತ್ತ ಓದಬಹುದು, ಕಥೆಯನ್ನು ಹಾಲು ಉಕ್ಕುವುದರೊಳಗೆ ಮುಗಿಸಬಹುದು. ಕಾದಂಬರಿಗೆ ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲದ ಹೊತ್ತು ಬೇಕು. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಂದ ಮೊಟ್ಟಮೊದಲು ಕಸಿದುಕೊಳ್ಳುವುದೇ ಅದನ್ನು. ಪುಸ್ತಕ ಹಿಡಿದು ಕೂತ ಹುಡುಗನನ್ನು ಕಂಡರೆ "ಓದ್ತಾ ಇದಾನೆ, ಗಲಾಟೆ ಮಾಡಬೇಡಿ" ಎನ್ನುತ್ತೇವೆ. ಹುಡುಗಿಯಾದರೆ "ಸುಮ್ಮನೆ ಕೂತಿದ್ದೀಯಲ್ಲ, ಈ ಸೊಪ್ಪು ಸೋಸು ಬಾ" ಎನ್ನುತ್ತೇವೆ.

ನಾವು ಚಿಕ್ಕವರಿದ್ದಾಗ ಹುಡುಗಿಯರ ಬೇಸಿಗೆಯ ಓದಿಗೆ ಒಂದೇ ರಾಜಮಾರ್ಗವಿತ್ತು: ಹಪ್ಪಳ ಸಂಡಿಗೆ ಕಾಯುವುದು. ತಾರಸಿಯ ಮೇಲೆ ಹಳೆಯ ಪಂಚೆ ಹಾಸಿ ಸಂಡಿಗೆ ಇಟ್ಟು, ಮೂಲೆಯ ನೆರಳಿನಲ್ಲಿ ಕೋಲು ಕೊಟ್ಟು ಕೂರಿಸುತ್ತಿದ್ದರು. ಕಾಗೆಗಳ ದಯೆಯಿಂದ ಎರಡು ಮೂರು ಗಂಟೆ ಸಿಗುತ್ತಿತ್ತು. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಬಾಡಿಗೆಗೆ ತಂದ, ಮೂಲೆ ಮಡಚಿದ, ಕೊನೆಯ ಪುಟ ಹರಿದ ಕಾದಂಬರಿಗಳನ್ನು ನಮ್ಮ ಓರಗೆಯವರೆಲ್ಲ ಓದಿದ್ದು ಹಾಗೆಯೇ. ಈಗ ಆ ಲೈಬ್ರರಿಗಳು ಬಹುಪಾಲು ಮುಚ್ಚಿವೆ, ಹಪ್ಪಳ ಅಂಗಡಿಯಿಂದ ಬರುತ್ತದೆ. ಹಾಗೆ ಉಳಿದ ಹೊತ್ತು ಹುಡುಗಿಗೆ ಸಿಕ್ಕಿತೇ? ಇಲ್ಲ. ಬೆಳಿಗ್ಗೆ ಸಮ್ಮರ್ ಕ್ಯಾಂಪು, ಮಧ್ಯಾಹ್ನ ಸ್ಪೋಕನ್ ಇಂಗ್ಲಿಷು, ಸಂಜೆ ಮುಂದಿನ ವರ್ಷದ ಗಣಿತ. ಒಂದು ಕಾಗೆಗೆ ಬದಲಾಗಿ ನಾಲ್ಕು ಕಾಗೆ.

ಹೋದ ಬೇಸಿಗೆಯಲ್ಲಿ ತಂಗಿಯ ಮಗಳು ಆನ್‌ಳ ಕಥೆಯನ್ನು ಇಂಗ್ಲಿಷಿನಲ್ಲಿ ಓದಿ ಮುಗಿಸಿ, "ದೊಡ್ಡಮ್ಮ, ನಮ್ಮ ಶಿವಮೊಗ್ಗ ಕಡೆ ಹುಡುಗಿ ಇರೋ ಇಂಥದ್ದು ಇಲ್ವಾ?" ಎಂದಳು. ಅವಳಿಗಾದರೂ ಇಂಗ್ಲಿಷಿನ ಕಪಾಟು ಇದೆ. ನಮ್ಮ ಮನೆಗೆಲಸಕ್ಕೆ ಬರುವಾಕೆಯ ಮಗಳಿಗೆ ಅದೂ ಇಲ್ಲ. ಸರ್ಕಾರಿ ಶಾಲೆಯಲ್ಲಿ ಕನ್ನಡ ಮೀಡಿಯಂ, ಆಗತಾನೇ ಹತ್ತನೆಯ ಪರೀಕ್ಷೆ ಬರೆದಿದ್ದಳು. ಮನೆಯಲ್ಲಿ ಸೋದರಮಾವನ ಮಾತು ನಡೆಯುತ್ತಿತ್ತು. ನನ್ನಿಂದ 'ಫಣಿಯಮ್ಮ' ಒಯ್ದವಳು ಮೂರೇ ದಿನದಲ್ಲಿ ಹಿಂದಿರುಗಿಸಿ, "ಚೆನ್ನಾಗಿದೆ ಆಂಟಿ. ಆದ್ರೆ ನನ್ನ ವಯಸ್ಸಿನೋಳು ಮದುವೆ ಆಗದೆ ಬೇರೆ ಏನಾದ್ರೂ ಮಾಡೋ ಪುಸ್ತಕ ಇದ್ಯಾ?" ಎಂದು ಕೇಳಿದಳು.

ಈ ಪ್ರಶ್ನೆಗೆ ನಮ್ಮ ವಿಮರ್ಶಕರು, ಪ್ರಕಾಶಕರು, ಸಾಹಿತ್ಯ ಸಮ್ಮೇಳನದ ವೇದಿಕೆಯ ಮೇಲೆ ಶಾಲು ಹೊದ್ದು ಕೂರುವವರು ಉತ್ತರ ಹೇಳಲಿ. ಅವಳು ಕೇಳಿದ್ದು ನೀತಿಯನ್ನಲ್ಲ, ಮನರಂಜನೆಯನ್ನೂ ಅಲ್ಲ. ತನ್ನಂಥವಳೊಬ್ಬಳು ಬೇಡ ಎಂದ ಮೇಲೆ ಏನಾಗುತ್ತದೆ, ಅವಳು ಹೇಗೆ ಬದುಕುತ್ತಾಳೆ ಎಂದು ನೋಡಬೇಕಿತ್ತು. ಕಂಡರಿಯದ ದಾರಿಯಲ್ಲಿ ಯಾರು ಕಾಲಿಡುತ್ತಾರೆ ಹೇಳಿ?

ಇಂಥ ಪುಸ್ತಕಕ್ಕೆ ಮಾರುಕಟ್ಟೆ ಇಲ್ಲ ಎನ್ನುತ್ತಾರೆ. ಪಟ್ಟಣದಲ್ಲಿ ನಾವು ಮನೆಕಂದಾಯ ಕಟ್ಟುವಾಗ ಅದರ ಶೇಕಡಾ 6ರಷ್ಟು ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. 1965ರ ಗ್ರಂಥಾಲಯ ಕಾಯ್ದೆಯಿಂದ ಬಂದ ಪದ್ಧತಿ ಅದು. ಆ ದುಡ್ಡಿನಲ್ಲಿ ನಮ್ಮ ಹುಡುಗಿಯರ ಪಾಲೂ ಇದೆ. 2020ರಲ್ಲಿ 'ಓದುವ ಬೆಳಕು' ಎಂದು ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಬಾಗಿಲನ್ನು ಮಕ್ಕಳಿಗೆ ಉಚಿತವಾಗಿ ತೆರೆದರು. ಒಳ್ಳೆಯ ಕೆಲಸ. ಒಳಗೆ ಹೋದ ಹದಿನೈದರ ಹುಡುಗಿಯ ಕೈಗೆ ಏನು ಕೊಡುತ್ತೀರಿ ಎಂಬುದು ಮುಂದಿನ ಪ್ರಶ್ನೆ. ಕಾದಂಬರಿ ಓದಿದರೆ ಹುಡುಗಿಯರು ಕೆಡುತ್ತಾರೆ ಎನ್ನುವವರೂ ಇದ್ದಾರೆ. ಅಂಗೈಯಲ್ಲಿ ಮೊಬೈಲು ಕೊಟ್ಟು ಪುಸ್ತಕಕ್ಕೆ ಹೆದರುವ ಈ ಧೈರ್ಯವಂತರಿಗೆ ಏನು ಹೇಳಲಿ! ಮೊಬೈಲಿನ ಅರ್ಧ ನಿಮಿಷದಲ್ಲಿ ಪ್ರೀತಿ ಶುರುವಾಗಿ ಹಾಡು ಮುಗಿಯುತ್ತದೆ. ಕಾದಂಬರಿಯಲ್ಲಿ ಮಾರನೆಯ ದಿನವೂ ಬರುತ್ತದೆ, ಅದರ ಮಾರನೆಯ ದಿನವೂ ಬರುತ್ತದೆ. ಮಾಡಿದ್ದಕ್ಕೆ ಬೆಲೆ ಏನು ಎಂದು ಹುಡುಗಿ ತಾನೇ ಕಾಣುತ್ತಾಳೆ.

ಅಕ್ಕ ತಂಗಿಯರೇ, ಸರ್ಕಾರ ಮಾಡಲಿ ಎಂದು ನಾವು ಕಾಯುವುದು ಬೇಡ. ಈ ರಜೆಯಲ್ಲಿ ನಿಮ್ಮ ಮಗಳಿಗೆ ದಿನಕ್ಕೆ ಎರಡು ಗಂಟೆ ಬಿಟ್ಟುಕೊಡಿ. ಆ ಹೊತ್ತಿನಲ್ಲಿ ಅವಳನ್ನು ಅಂಗಡಿಗೆ ಕಳಿಸಬೇಡಿ, ತಮ್ಮನಿಗೆ ತಿಂಡಿ ಕೊಡು ಎನ್ನಬೇಡಿ. ಪುಸ್ತಕ ಮುಗಿದ ಮೇಲೆ ಇದರಿಂದ ಏನು ಕಲಿತೆ ಎಂದು ಕೇಳಬೇಡಿ, ಅವಳೇನು ಪರೀಕ್ಷೆಗೆ ಕೂತಿಲ್ಲ. ಅವಳು ಓದಿದ್ದನ್ನು ನೀವೂ ಒಮ್ಮೆ ಓದಿ, ಆಮೇಲೆ ಮಾತು ತಾನೇ ಹುಟ್ಟುತ್ತದೆ. ನಿಮ್ಮೂರಿನ ಗ್ರಂಥಾಲಯದವರಿಗೆ ಇಂಥ ಪುಸ್ತಕ ತರಿಸಿ ಎಂದು ಅರ್ಜಿ ಬರೆದುಕೊಡಿ, ಉತ್ತರ ಬರದಿದ್ದರೆ ಮತ್ತೆ ಬರೆಯಿರಿ. ಇನ್ನು ನಿಮ್ಮಲ್ಲಿ ಬರೆಯುವವರಿದ್ದರೆ, ಇದ್ದೀರಿ ಎಂದು ನನಗೆ ಗೊತ್ತು, ಮುಂದಿನ ಕಾದಂಬರಿಯನ್ನು ಮದುವೆಯ ಮಂಟಪದಿಂದ ಶುರುಮಾಡಬೇಡಿ. ಅದಕ್ಕೂ ನಾಲ್ಕು ವರ್ಷ ಹಿಂದಿನಿಂದ ಶುರುಮಾಡಿ. ಹುಡುಗಿ ಅಲ್ಲಿದ್ದಾಳೆ, ಹೇಳುವುದಕ್ಕೆ ಅವಳಲ್ಲಿ ಬೇಕಾದಷ್ಟಿದೆ.