ಕಾಗದದ ಅಕ್ಷರಗಳು

1944ರ ಬೇಸಗೆ. ಬುಡಾಪೆಸ್ಟ್ ನಗರದ ಸೆರೆಮನೆಯೊಂದರ ಎತ್ತರದ ಕಿಟಕಿಯಲ್ಲಿ, ಕಾಗದದಲ್ಲಿ ಕತ್ತರಿಸಿದ ದೊಡ್ಡ ಅಕ್ಷರಗಳು ಒಂದಾದ ಮೇಲೊಂದು ಮೂಡಿ ಮರೆಯಾಗುತ್ತಿದ್ದವು. ಅಂಗಳದಾಚೆಯ ಬಂದಿಗಳು ಅವನ್ನು ಕೂಡಿಸಿ ಓದಿಕೊಳ್ಳುತ್ತಿದ್ದರು. ಆ ಅಕ್ಷರಗಳನ್ನು ಹಿಡಿದಿದ್ದ ಕೈ, ಹನ್ನಾ ಸೆನೆಶ್ ಎಂಬ ಯಹೂದಿ ತರುಣಿಯದು.

ಹನ್ನಾ ಅದೇ ನಗರದಲ್ಲಿ 1921ರಲ್ಲಿ ಜನಿಸಿದವಳು. ತಂದೆ ಹೆಸರಾಂತ ನಾಟಕಕಾರ; ಮಗಳು ಆರು ವರ್ಷದವಳಿದ್ದಾಗಲೇ ತೀರಿಕೊಂಡ. ಅವಳೂ ಬರವಣಿಗೆಯಲ್ಲಿ ಜಾಣೆ. ಆದರೆ ಶಾಲೆಯ ಸಾಹಿತ್ಯ ಸಂಘಕ್ಕೆ ಆಯ್ಕೆಯಾದಾಗ, ಯಹೂದಿಯೆಂಬ ಕಾರಣದಿಂದ ಆ ಸ್ಥಾನ ಅವಳಿಗೆ ತಪ್ಪಿತು. ಹುಟ್ಟಿದ ನಾಡೇ ಪರಕೀಯಳೆಂದು ದೂಡಿದ ಮೇಲೆ ಅವಳ ಮನಸ್ಸು ಬೇರೊಂದು ನೆಲವನ್ನು ಅರಸಿತು. 1939ರಲ್ಲಿ, ಹದಿನೆಂಟರ ಹರೆಯದಲ್ಲಿ, ತಾಯಿಯನ್ನು ಬಿಟ್ಟು, ಆಗ ಬ್ರಿಟಿಷರ ಆಡಳಿತದಲ್ಲಿದ್ದ ಪ್ಯಾಲೆಸ್ಟೈನ್‌ಗೆ ಹೊರಟಳು.

ಅಲ್ಲಿನ ನಹಲಾಲ್ ಊರಿನಲ್ಲಿ ಎರಡು ವರ್ಷ ಬೇಸಾಯ ಕಲಿತು, ಕೈಸೇರಿಯಾ ಬಳಿಯ ಕಡಲತೀರದ ಸ್ದೋತ್ ಯಾಮ್ ಎಂಬ ಕಿಬ್ಬುಟ್ಸ್ ಸೇರಿದಳು. ಕಿಬ್ಬುಟ್ಸ್ ಎಂದರೆ ಆಸ್ತಿಯೂ ದುಡಿಮೆಯೂ ಎಲ್ಲರಿಗೂ ಸೇರಿದ ನೆಲೆ. ಕೆಲಸವನ್ನು ಹಂಚುವುದು ಸಮುದಾಯ. ಕವಿತೆ ಬರೆಯುವ ಹನ್ನಾಳ ಪಾಲಿಗೆ ಬಂದುದು ಅಡುಗೆಮನೆ ಮತ್ತು ಬಟ್ಟೆ ಒಗೆಯುವ ಕೆಲಸ. ತನ್ನ ಶಕ್ತಿ ವ್ಯರ್ಥವಾಗುತ್ತಿದೆಯೋ ಎಂಬ ಶಂಕೆಯನ್ನು ಅವಳು ದಿನಚರಿಯಲ್ಲಿ ತೋಡಿಕೊಂಡಳು. ಆದರೂ ಒಗೆಯುವುದನ್ನು ಬಿಡಲಿಲ್ಲ.

1943ರಲ್ಲಿ ಬ್ರಿಟಿಷ್ ಸೈನ್ಯ ಸೇರಿದಳು. ಶತ್ರುವಿನ ನೆಲದಲ್ಲಿ ಸಿಕ್ಕಿಬಿದ್ದ ವೈಮಾನಿಕರನ್ನು ಪಾರುಗಾಣಿಸುವುದು, ಯಹೂದಿಗಳಿಗೆ ನೆರವಾಗುವುದು ಗುರಿ. 1944ರ ಮಾರ್ಚ್‌ನಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡು ಯುಗೋಸ್ಲಾವಿಯದಲ್ಲಿ ಇಳಿದಳು. ಕೆಲವೇ ದಿನಗಳಲ್ಲಿ ಜರ್ಮನ್ ಸೈನ್ಯ ಹಂಗೇರಿಯನ್ನು ಆಕ್ರಮಿಸಿತು. ಆದರೂ ಅವಳು ಹಿಂಜರಿಯಲಿಲ್ಲ; ಜೂನ್‌ನಲ್ಲಿ ಗಡಿ ದಾಟಿದಳು. ದಾಟಿದ ಕೂಡಲೇ ಸೆರೆಸಿಕ್ಕಳು.

ಅವಳ ರೇಡಿಯೋ ಯಂತ್ರ ಹಗೆಗಳ ಕೈಸೇರಿತ್ತು. ಅವರಿಗೆ ಬೇಕಾಗಿದ್ದುದು ಅದರ ಗುಪ್ತ ಸಂಕೇತ. ಹೊಡೆತಕ್ಕೆ ಅವಳು ಬಾಗಲಿಲ್ಲ. ಕೊನೆಗೆ ತಾಯಿಯನ್ನೇ ಎಳೆತಂದು ಎದುರಿಗೆ ನಿಲ್ಲಿಸಿದರು. ಮಗಳು ದೂರದೇಶದಲ್ಲಿ ಸುರಕ್ಷಿತಳೆಂದು ನಂಬಿದ್ದ ಆ ತಾಯಿ, ಜಜ್ಜಿಹೋದ ಮುಖವನ್ನು ಕಂಡಳು. ಮಾತನಾಡದಿದ್ದರೆ ತಾಯಿಯ ಜೀವವೇ ಹೋದೀತೆಂಬ ಬೆದರಿಕೆ. ಹನ್ನಾ ಮಾತನಾಡಲಿಲ್ಲ. ನೂರಾರು ಬಟ್ಟೆ ಒಗೆಯುವಾಗ ತಾಳ್ಮೆ ಕಲಿತ ಜೀವಕ್ಕೆ ಇದಕ್ಕಿಂತ ಕಠಿನವಾದ ಪರೀಕ್ಷೆ ಉಂಟೆ?

ಸೆರೆಯಲ್ಲಿಯೂ ಅವಳು ಸುಮ್ಮನಿರಲಿಲ್ಲ. ಕಾಗದದ ಗೊಂಬೆ ಮಾಡಿ ಹಂಚಿದಳು. ಬಂದಿಗಳ ನಡುವಿದ್ದ ಮಕ್ಕಳಿಗೆ ಓದು ಕಲಿಸಿದಳು. ಅದೇ ಸೆರೆಯಲ್ಲಿದ್ದ ತಾಯಿಯೊಡನೆ ಕಿಟಕಿಯ ಅಕ್ಷರಗಳಲ್ಲಿ ಮಾತನಾಡಿದಳು.

ತಾಯಿಗೆ ಬಿಡುಗಡೆಯಾಯಿತು. ನವೆಂಬರ್ 7ರಂದು, ಮಗಳನ್ನು ನೋಡಲು ಅನುಮತಿ ಬೇಡಿ ಬಂದ ಅವಳಿಗೆ ಅಧಿಕಾರಿ ಹೇಳಿದ್ದು, ಹನ್ನಾಳನ್ನು ಆಗಲೇ ಗುಂಡಿಕ್ಕಿ ಕೊಂದಾಗಿದೆ ಎಂದು. ಹನ್ನಾಳಿಗೆ ಆಗ ಇಪ್ಪತ್ತಮೂರು ವರ್ಷ. 1950ರಲ್ಲಿ ಅವಳ ಅಸ್ಥಿಯನ್ನು ಜೆರುಸಲೇಮಿಗೆ ಒಯ್ದು ಸಮಾಧಿ ಮಾಡಿದರು.

ಲೆಕ್ಕಕ್ಕೆ ನಿಂತರೆ ಅವಳ ಸಾಹಸ ವಿಫಲ. ಒಬ್ಬ ವೈಮಾನಿಕನನ್ನಾದರೂ ಅವಳು ಪಾರುಮಾಡಲಿಲ್ಲ. ಆದರೆ ಗುಟ್ಟು ಗುಟ್ಟಾಗಿಯೇ ಉಳಿಯಿತು. ತಾಯಿ ಬದುಕಿದಳು. ಸೆರೆಮನೆಯ ಕತ್ತಲಲ್ಲಿ ಒಂದೆರಡು ಮಕ್ಕಳು ಅಕ್ಷರ ಕಲಿತರು.