ಗುರುತು ಕೇಳುವವರ ಗುರುತು

ಮನೆಗೆ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ "ತಾವು ಯಾರು?" ಎಂದು ಕೇಳುವುದು ನಮ್ಮಲ್ಲಿ ಸಭ್ಯತೆಯೆನಿಸುವುದಿಲ್ಲ. ಮೊದಲು ಕುಡಿಯಲು ನೀರು, ಆಮೇಲೆ ಕಾಫಿ. ಬಂದ ವಿಚಾರವೇನಿದ್ದರೂ ಅನಂತರ. ಈ ಸಂಪ್ರದಾಯವನ್ನು ನಾನು ಹಳಿಯುತ್ತಿಲ್ಲ. ಆದರೆ ಬಂದವರು ನಮ್ಮ ಸಹಿಗೆ ಸಾಕ್ಷಿಯಾಗಲು, ನಮ್ಮ ಗುರುತನ್ನು ಪರೀಕ್ಷಿಸಲು ಬಂದವರಾದರೆ ಆ ಸಂಕೋಚವನ್ನು ಬದಿಗಿಡಬೇಕೆಂಬುದು ನನ್ನ ಅಭಿಪ್ರಾಯ.

ಈ ಯೋಚನೆ ಹುಟ್ಟಿದ್ದು ನಮ್ಮ ಅಕ್ಕನ ಒಂದು ಫೋನಿನಿಂದ. ಅಕ್ಕ, ಭಾವ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಮೈಸೂರಿನ ಒಂದು ನಿವೇಶನದ ವ್ಯವಹಾರವನ್ನು ತಂದೆಯವರು ನೋಡಿಕೊಳ್ಳುವಂತೆ ಅಕ್ಕ ಅಧಿಕಾರ ಪತ್ರವೊಂದನ್ನು ಕಳುಹಿಸಬೇಕಾಗಿತ್ತು. ಅದಕ್ಕೆ ಅಲ್ಲಿಯ ನೋಟರಿಯ ಮುದ್ರೆ ಅಗತ್ಯವಾಗಿತ್ತು. ಬಾಣಂತಿಯಾದ ಅಕ್ಕ ಹೊರಗೆ ಹೋಗುವಂತಿರಲಿಲ್ಲ. ಆ ದೇಶದಲ್ಲಿ ಮನೆಗೋ ಆಸ್ಪತ್ರೆಗೋ ಕರೆದಲ್ಲಿಗೆ ಬಂದು ಕೆಲಸ ಮುಗಿಸಿಕೊಡುವ ಸಂಚಾರಿ ನೋಟರಿಗಳಿದ್ದಾರೆ. ಅಂಥವರೊಬ್ಬರು ಬಂದರು. ಅಕ್ಕನ ಚಾಲನಾ ಪರವಾನಗಿಯನ್ನು ಕೇಳಿ ನೋಡಿದರು. ಅದರ ಸಂಖ್ಯೆಯನ್ನು ತಮ್ಮ ದಾಖಲೆ ಪುಸ್ತಕದಲ್ಲಿ ಬರೆದುಕೊಂಡರು. ಅಲ್ಲಿಯ ಕಾನೂನಿನಂತೆ ಹೆಬ್ಬೆಟ್ಟಿನ ಗುರುತನ್ನೂ ಒತ್ತಿಸಿಕೊಂಡರು. ಮುದ್ರೆ ಹಾಕಿ ಹೊರಟರು.

ಅಮ್ಮ ಫೋನಿನಲ್ಲಿ ಕೇಳಿದರು: "ಬಂದಿದ್ದವರು ಯಾರಮ್ಮ?"

"ನೋಟರಿ ಕಣಮ್ಮ."

"ಅವರ ಹೆಸರೇನು?"

ಅಕ್ಕ ಕಾಗದವನ್ನು ತೆಗೆದು, ಮುದ್ರೆಯನ್ನು ಓದಿ ಹೆಸರು ಹೇಳಬೇಕಾಯಿತು!

ಬಂದಾಕೆ ಪ್ರಾಮಾಣಿಕರೇ, ಪತ್ರ ಊರ್ಜಿತವಾಯಿತು. ನನ್ನ ಆಕ್ಷೇಪ ಅವರ ಮೇಲಲ್ಲ, ಈ ರೀತಿಯ ಮೇಲೆ. ಕ್ಯಾಲಿಫೋರ್ನಿಯಾದಲ್ಲಿ ನೋಟರಿಯಾಗುವುದು ಸುಲಭವೇನಲ್ಲ. ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ಬೆರಳಚ್ಚು ಕೊಟ್ಟು ಪೂರ್ವಚರಿತ್ರೆಯ ತಪಾಸಣೆಗೆ ಒಳಗಾಗಬೇಕು, ೧೫,೦೦೦ ಡಾಲರುಗಳ ಜಾಮೀನು ಪತ್ರವನ್ನು ಒದಗಿಸಬೇಕು. ಆಮೇಲೆ ದೊರೆಯುವ ಅಧಿಕಾರದ ಅವಧಿ ೪ ವರ್ಷ. ಮುದ್ರೆಯಲ್ಲಿ ನೋಟರಿಯ ಹೆಸರು, ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಎಲ್ಲವೂ ಇರುತ್ತವೆ. ಆದರೆ ಆ ಮುದ್ರೆ ಕಾಗದದ ಮೇಲೆ ಬೀಳುವುದು ಕೆಲಸದ ಕೊನೆಯಲ್ಲಿ. ಅಷ್ಟರಲ್ಲಿ ಮನೆಯವರು ತಮ್ಮ ಹೆಸರು, ವಿಳಾಸ, ಪರವಾನಗಿಯ ಸಂಖ್ಯೆ, ಹೆಬ್ಬೆಟ್ಟು ಎಲ್ಲವನ್ನೂ ಒಪ್ಪಿಸಿಯಾಗಿರುತ್ತದೆ. ಮೇಲಾಗಿ ಮುದ್ರೆಯಲ್ಲಿ ಮುಖವಿಲ್ಲ. ಮುದ್ರೆಯ ಹೆಸರೂ ಮುಂದೆ ಕುಳಿತವರ ಹೆಸರೂ ಒಂದೇ ಎಂದು ತಿಳಿಯುವುದು ಹೇಗೆ?

ಅಶೋಕವನದ ಸೀತೆ ಹನುಮಂತನನ್ನು ಕಂಡೊಡನೆ ನಂಬಲಿಲ್ಲ. ಹಿಂದೊಮ್ಮೆ ಸನ್ಯಾಸಿಯ ವೇಷವನ್ನು ನಂಬಿ ಕೆಟ್ಟವಳು ಆಕೆ. ಹನುಮಂತ ಅದಕ್ಕೆ ಮುನಿಯಲಿಲ್ಲ. ರಾಮನ ಲಕ್ಷಣಗಳನ್ನು ಹೇಳಿ ಮುದ್ರೆಯುಂಗುರವನ್ನು ಮುಂದಿಟ್ಟ. ಸೀತೆ ಚೂಡಾಮಣಿಯನ್ನು ಕೊಟ್ಟದ್ದು ಆ ಮೇಲೆ. ಬಂದವನ ಗುರುತು ಮೊದಲು, ಮನೆಯವರ ಗುರುತು ಅನಂತರ. ಈ ಕ್ರಮವೇ ನ್ಯಾಯವಾದುದು.

ಗುರುತು ಎಂದರೆ ಹೆಸರಷ್ಟೇ ಅಲ್ಲ. ತಾನು ಏನಲ್ಲ ಎಂಬುದನ್ನು ಹೇಳುವುದೂ ಗುರುತೇ. ನಮ್ಮಲ್ಲಿ ನೋಟರಿಯಾಗುವವರು ಸಾಮಾನ್ಯವಾಗಿ ಹತ್ತು ವರ್ಷ ವಕೀಲಿ ಮಾಡಿದವರು. ಅಮೆರಿಕದಲ್ಲಿ ಹಾಗಲ್ಲ, ಅಲ್ಲಿಯ ನೋಟರಿ ವಕೀಲನಾಗಿರಬೇಕೆಂಬ ನಿಯಮವಿಲ್ಲ. ಅದನ್ನರಿಯದ ಅಕ್ಕ "ಈ ಪತ್ರದಿಂದ ಮುಂದೆ ತೊಂದರೆಯೇನಾದರೂ ಉಂಟೇ?" ಎಂದು ಕೇಳಿದ್ದಳಂತೆ. "ನಾನು ವಕೀಲಳಲ್ಲ, ಸಲಹೆ ಕೊಡುವಂತಿಲ್ಲ" ಎಂದು ಉತ್ತರ ಬಂತು. ಉತ್ತರ ಸರಿಯೇ, ಆದರೆ ಕೇಳಿದ ಮೇಲೆ ಬಂತು. ಕೇಳದವರ ಗತಿಯೇನು? ಸ್ಪ್ಯಾನಿಷ್ ಮಾತಾಡುವ ದೇಶಗಳಲ್ಲಿ 'ನೋಟಾರಿಯೊ' ಎಂದರೆ ದೊಡ್ಡ ನ್ಯಾಯವಾದಿ. ಆ ಹೆಸರನ್ನು ನಂಬಿ ವಲಸೆಗಾರರು ಮೋಸಹೋಗುವುದನ್ನು ಕಂಡೇ ಕ್ಯಾಲಿಫೋರ್ನಿಯಾದ ಕಾನೂನು ನೋಟರಿಗಳು ತಮ್ಮ ಜಾಹೀರಾತಿನಲ್ಲಿ ಆ ಪದವನ್ನು ಬಳಸಬಾರದೆಂದು ನಿಷೇಧಿಸಿದೆ.

ಇದು ದೂರದ ದೇಶದ ಮಾತೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ದೇಶದ ನೋಟರಿ ಕಾಯಿದೆ ೧೯೫೨ರದು. ಅದರ ನಿಯಮಗಳು ೧೯೫೬ರವು. ನೋಟರಿಯು ತನ್ನ ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹೆಸರಿನ ಫಲಕವನ್ನು ತೂಗುಹಾಕತಕ್ಕದ್ದೆಂದು ಆ ನಿಯಮಗಳು ಹೇಳುತ್ತವೆ. ಹೊರಗೆ ಹೋಗಿ ಕೆಲಸ ಮಾಡಿದರೆ ಪ್ರಯಾಣ ವೆಚ್ಚ ಪಡೆಯಲೂ ಅವಕಾಶವಿದೆ. ಆದರೆ ಫಲಕವಿರುವುದು ಗೋಡೆಯ ಮೇಲೆ. ಅದು ನೋಟರಿಯ ಹಿಂದೆ ನಡೆದು ಬರುವುದಿಲ್ಲ. ಹಾಸಿಗೆ ಹಿಡಿದ ಅಜ್ಜನ ಬಳಿಗೆ ಕರಿಕೋಟು ತೊಟ್ಟವರೊಬ್ಬರು ಬಂದರೆ ಮನೆಯವರು ಕೋಟನ್ನೇ ಗುರುತೆಂದು ತಿಳಿಯುತ್ತಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆ ಕರಿಕೋಟಿಗೂ ಸಲ್ಲುತ್ತದೆ. ಇನ್ನು ನಮ್ಮನ್ನೇ ಕೇಳಿಕೊಳ್ಳೋಣ: ವಿದ್ಯಾರ್ಥಿವೇತನಕ್ಕೋ ಹೆಸರಿನ ತಿದ್ದುಪಡಿಗೋ ಅಫಿಡವಿಟ್ ಮಾಡಿಸಿದವರು ನಮ್ಮ ಕಾಲೇಜಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಮುದ್ರೆ ಹಾಕಿದವರ ಮುಖವನ್ನು ನೋಡಿದವರು ಎಷ್ಟು ಮಂದಿ?

ನನ್ನ ಮಾತಿಗೆ ಒಂದು ಆಕ್ಷೇಪವುಂಟು, ಅದು ಹಗುರವಾದುದಲ್ಲ. ಅಪರಿಚಿತರ ಮನೆಗೆ ಒಂಟಿಯಾಗಿ ಹೋಗುವ ನೋಟರಿ, ಅದರಲ್ಲೂ ಹೆಂಗಸಾದರೆ, ತನ್ನ ಪರವಾನಗಿಯನ್ನು ತೋರಿಸಿ ಮನೆಯ ವಿಳಾಸವನ್ನು ಬಿಟ್ಟುಕೊಡಬೇಕೇ? ಖಂಡಿತ ಬೇಡ. ವಿಳಾಸವನ್ನು ಬೆರಳಿನಿಂದ ಮುಚ್ಚಿ ಭಾವಚಿತ್ರವನ್ನೂ ಹೆಸರನ್ನೂ ತೋರಿಸಿದರೆ ಸಾಕು. ಜೊತೆಗೆ ನೇಮಕದ ಪ್ರಮಾಣಪತ್ರದ ಪ್ರತಿಯೊಂದಿರಲಿ. ಬರುವ ಮೊದಲೇ ಹೆಸರು, ಸಂಖ್ಯೆ ತಿಳಿಸಿದರೆ ಇನ್ನೂ ಮೇಲು. ಅಮೆರಿಕದ ಟೆಕ್ಸಾಸ್, ಫ್ಲಾರಿಡಾದಂಥ ರಾಜ್ಯಗಳಲ್ಲಿ ಸರ್ಕಾರದ ಅಂತರ್ಜಾಲ ಪುಟದಲ್ಲೇ ನೋಟರಿಯ ಹೆಸರನ್ನು ಹುಡುಕಿ ನೋಡಬಹುದು. ನಮ್ಮಲ್ಲಿಯೂ ಪ್ರತಿವರ್ಷ ಜನವರಿಯಲ್ಲಿ ನೋಟರಿಗಳ ಪಟ್ಟಿಯನ್ನು ರಾಜ್ಯಪತ್ರದಲ್ಲಿ ಪ್ರಕಟಿಸಬೇಕೆಂದು ಕಾಯಿದೆಯೇ ವಿಧಿಸಿದೆ. ಇವೆಲ್ಲ ಎರಡು ನಿಮಿಷದ ಕೆಲಸ. ಹೊಸ ಕಾನೂನಿಗಾಗಿ ಕಾಯಬೇಕಾಗಿಲ್ಲ.

ನೋಟರಿಯ ಮುದ್ರೆಗೆ ಬೆಲೆ ಬಂದಿರುವುದು ಸಾರ್ವಜನಿಕರ ನಂಬಿಕೆಯಿಂದ. ಕಣ್ಣು ಮುಚ್ಚಿದ ನಂಬಿಕೆಗಿಂತ ಕೇಳಿ ತಿಳಿದ ನಂಬಿಕೆ ಗಟ್ಟಿಯಾದುದು. ವಿದ್ಯಾವಂತರೆನಿಸಿದ ನಾವೇ ಕೇಳಲು ನಾಚಿದರೆ, ಹೆಬ್ಬೆಟ್ಟೊತ್ತುವ ನಮ್ಮ ಅಜ್ಜ ಅಜ್ಜಿಯರು ಕೇಳಿಯಾರೇ? ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ ಬಂದಿದೆ. ಬಂದವರಿಗೆ ಕಾಫಿ ಎಂದಿನಂತೆ ಸಿಕ್ಕುತ್ತದೆ. ಕಾಗದದ ಕೆಲಸವಿದ್ದರೆ ಮಾತ್ರ, ಲೋಟ ಕೈಗಿಡುತ್ತಲೇ ಅಮ್ಮ ನಗುತ್ತ ಕೇಳುತ್ತಾರೆ: "ತಮ್ಮ ಹೆಸರು ತಿಳಿಯಲಿಲ್ಲವಲ್ಲ?"