ಬೀಳಲು ಹೆದರದ ಜೋಡಿ

ಪುಟಾಣಿಗಳೇ, ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಜನರಿಗೆ ಜಾತ್ರೆಯಲ್ಲಿ ತೇರಿನ ಜೊತೆಗೆ ಬಯಲು ಕುಸ್ತಿಯೂ ಇದ್ದರೇ ಸಮಾಧಾನ. ಕುಸ್ತಿ ಚೆನ್ನಾಗಿತ್ತು ಎನ್ನಲು ಗೆದ್ದವನೊಬ್ಬನೇ ಸಾಕೇ? ಸಾಲದು ಎನ್ನುತ್ತೇನೆ ನಾನು.

1910ರಲ್ಲಿ ಲಂಡನ್ನಿನಲ್ಲಿ ನಮ್ಮ ಗಾಮಾ ಪೈಲ್ವಾನನಿಗೆ ಪೋಲೆಂಡಿನ ಜಿಬಿಸ್ಕೊ ಎದುರಾದ. ಸೋಲಬಾರದೆಂದು ಅವನು ನೆಲಕ್ಕೆ ಕವುಚಿ ಬಿದ್ದು, ಎರಡೂವರೆ ತಾಸು ಹಾಗೇ ಕಳೆದ. ಕುಸ್ತಿ ಸಮವಾಯಿತು, ನೋಡುವವರಿಗೆ ಬೇಸರವಾಯಿತು. 1928ರಲ್ಲಿ, ಐವತ್ತರ ಹತ್ತಿರ ಬಂದಿದ್ದ ಅದೇ ಜಿಬಿಸ್ಕೊ ಪಟಿಯಾಲದವರೆಗೂ ಬಂದು ಮತ್ತೆ ತೊಡೆ ತಟ್ಟಿದ. ಒಂದೇ ನಿಮಿಷದೊಳಗೆ ಗಾಮಾ ಅವನನ್ನು ಚಿತ್ ಮಾಡಿದ! ಆದರೂ ನನಗೆ ಲಂಡನ್ನಿನಲ್ಲಿ ಸೋಲದ ಜಿಬಿಸ್ಕೊಗಿಂತ ಪಟಿಯಾಲದಲ್ಲಿ ಸೋತ ಜಿಬಿಸ್ಕೊ ದೊಡ್ಡವನು.

ಟಿವಿಯ ಕುಸ್ತಿಯಲ್ಲಿ ಗೆಲ್ಲುವವರು ಯಾರೆಂದು ಮೊದಲೇ ಗೊತ್ತುಮಾಡಿರುತ್ತಾರೆ. ಅಲ್ಲೂ ಚೆನ್ನಾಗಿ ಬೀಳುವವನಿದ್ದರೇ ಆಟಕ್ಕೆ ಕಳೆ. ನಮ್ಮ ಅಖಾಡದಲ್ಲೂ ಅಷ್ಟೇ: ಒಬ್ಬ ಪಟ್ಟು ಹಾಕಬೇಕು, ಇನ್ನೊಬ್ಬ ಬಿಡಿಸಿಕೊಂಡು ಮರುಪಟ್ಟು ಹಾಕಬೇಕು. ಬೆನ್ನಿಗೆ ಮಣ್ಣು ಹತ್ತಿದವನು ಎದ್ದು ಗೆದ್ದವನ ಕೈ ಕುಲುಕಿದರೆ, ನನ್ನ ಮೊದಲ ಚಪ್ಪಾಳೆ ಅವನಿಗೇ.

ಈ ಸಲ ಜಾತ್ರೆಗೆ ಅಜ್ಜನ ಜೊತೆ ಹೋಗಿ. ಅವರು ಕಂಡ ಒಳ್ಳೆಯ ಜೋಡಿ ಯಾವುದೆಂದು ಕೇಳಿ. ಸೋತವನ ಹೆಸರನ್ನೂ ಮರೆಯದೆ ಕೇಳಿ!